ಟ್ಯಾಂಕಿಗೆ ಸುರಿದದ್ದು ಎಲ್ಲಿಗೆ ಹೋಗುತ್ತೆ?

ಬೆಂಗಳೂರಿಂದ ಹಂಪಿಗೆ ಕಾರು ತಗೊಂಡು ಹೊರಡುವ ಗೆಳೆಯರು ಮೊದಲೆಲ್ಲ ನನ್ನನ್ನು ಎರಡೇ ಪ್ರಶ್ನೆ ಕೇಳುತ್ತಿದ್ದರು: ಎಲ್ಲಿ ಉಳ್ಕೊಳ್ಳೋದು, ಎಲ್ಲಿ ಊಟ ಮಾಡೋದು. ಈಗ ಮೂರನೆಯದೊಂದು ಸೇರಿಕೊಂಡಿದೆ. "ಲಾಂಗ್ ಡ್ರೈವ್ ಅಲ್ವಾ, ಟ್ಯಾಂಕಿಗೆ ಒಂದು ಆಕ್ಟೇನ್ ಬೂಸ್ಟರ್ ಹಾಕ್ಲಾ? ಇಂಜಿನ್‌ಗೆ ಏನೂ ಆಗಲ್ಲ ತಾನೇ?" ಊರು ಕಂಪ್ಲಿ ಕಡೆ, ಓದಿದ್ದು ಬಿ.ಇ. ಅಂತ ಗೊತ್ತಾದ ಮೇಲೆ ರಸ್ತೆಯ ಪ್ರಶ್ನೆಯೂ ನನಗೇ, ಇಂಜಿನ್ ಪ್ರಶ್ನೆಯೂ ನನಗೇ. ನಾನು ಬರೆಯೋದು ಸಾಫ್ಟ್‌ವೇರ್, ಬಿಚ್ಚೋದು ಇಂಜಿನ್ ಅಲ್ಲ ಅಂದ್ರೆ ಯಾರೂ ಕೇಳಲ್ಲ.

ಕೆಲವು ನೂರು ರೂಪಾಯಿಯ ಬಾಟಲಿ ಅದು. ಮೇಲೆ ದಪ್ಪ ಅಕ್ಷರದಲ್ಲಿ ಪವರ್, ಪಿಕಪ್, ಮೈಲೇಜ್ ಅಂತ ಬರೆದಿರುತ್ತೆ. ಒಳಗೆ ಏನಿದೆ ಅನ್ನೋದು ಸಣ್ಣ ಅಕ್ಷರದಲ್ಲಿ ಇರುತ್ತೆ, ಇಲ್ಲವೇ ಇರೋದೇ ಇಲ್ಲ. ಹಾಗಾಗಿ "ಸೇಫಾ?" ಅನ್ನೋ ಪ್ರಶ್ನೆಗೆ ಬಾಟಲಿ ನೋಡಿ ಉತ್ತರ ಹೇಳೋಕಾಗಲ್ಲ. ಅದಕ್ಕೆ ನೂರು ವರ್ಷದ ಕಥೆ ಗೊತ್ತಿರಬೇಕು. ಆ ಕಥೆಯಲ್ಲಿ ಬರುವ ನಾಲ್ಕು ಮುಖ್ಯ ಪದಾರ್ಥಗಳಲ್ಲಿ ಮೂರು ನಮ್ಮ ಹೊಸಪೇಟೆ ಸುತ್ತಮುತ್ತಲೇ ಸಿಗುವಂಥವು. ಸಂಡೂರು ಗುಡ್ಡದ ಮ್ಯಾಂಗನೀಸ್, ಅದೇ ಗುಡ್ಡದ ಕಬ್ಬಿಣ, ಮತ್ತೆ ಹೊಸಪೇಟೆ-ಕಂಪ್ಲಿ ಕಾಲುವೆಗಳ ಕೆಳಗಿನ ಕಬ್ಬು. ನಾಲ್ಕನೆಯದು ಸೀಸ. ಕಥೆ ಶುರುವಾಗೋದು ಅದರಿಂದಲೇ.

ಅದಕ್ಕೂ ಮುಂಚೆ ಆಕ್ಟೇನ್ ಅಂದ್ರೆ ಏನು ಅಂತ ಒಂದು ಸಣ್ಣ ಮಾತು.

ನಾಲ್ಕು ಜನ ಕೂತ ಕಾರಲ್ಲಿ ಸಂಡೂರಿನ ಏರು ಹತ್ತುವಾಗ ಗೇರ್ ಇಳಿಸದೆ ಆಕ್ಸಿಲರೇಟರ್ ಒತ್ತಿದರೆ ಕೆಲವು ಹಳೇ ಗಾಡಿಗಳಲ್ಲಿ ಒಳಗಿಂದ ಟಕಟಕ ಅಂತ ಸದ್ದು ಬರುತ್ತೆ, ಯಾರೋ ಸಣ್ಣ ಸುತ್ತಿಗೆಯಿಂದ ಬಡಿದ ಹಾಗೆ. ಇದೇ ನಾಕಿಂಗ್. ಸಿಲಿಂಡರ್ ಒಳಗೆ ಪೆಟ್ರೋಲು-ಗಾಳಿಯ ಮಿಶ್ರಣವನ್ನು ಪಿಸ್ಟನ್ ಅದುಮುತ್ತೆ, ಸ್ಪಾರ್ಕ್ ಪ್ಲಗ್ ಕಿಡಿ ಹಚ್ಚುತ್ತೆ, ಬೆಂಕಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಡಬೇಕು. ಬೆಂಕಿ ಬಂದು ಮುಟ್ಟುವ ಮೊದಲೇ ಮೂಲೆಯಲ್ಲಿರುವ ಮಿಶ್ರಣ ತನ್ನಷ್ಟಕ್ಕೆ ತಾನು ಹೊತ್ತಿಕೊಂಡರೆ ಆ ಬಡಿತ. ಹೆಚ್ಚು ಹೊತ್ತು ಹಾಗೇ ಓಡಿಸಿದರೆ ಪಿಸ್ಟನ್ನೇ ತೂತಾಗಬಹುದು. ಪೆಟ್ರೋಲು ಎಷ್ಟು ಒತ್ತಡದವರೆಗೆ ಹೀಗೆ ಅವಸರ ಮಾಡದೆ ತಡೆದುಕೊಳ್ಳುತ್ತೆ ಅನ್ನೋದರ ಅಳತೆಯೇ ಆಕ್ಟೇನ್. ಅಂದರೆ ಅದು ಪೆಟ್ರೋಲಿನ ತಾಳ್ಮೆಯ ಅಳತೆ. ಶಕ್ತಿಗೂ ಅದಕ್ಕೂ ನೇರ ಸಂಬಂಧ ಇಲ್ಲ. 1926ರಲ್ಲಿ ಗ್ರಹಾಂ ಎಡ್ಗರ್ ಅನ್ನೋ ರಸಾಯನಶಾಸ್ತ್ರಜ್ಞ ಈ ಅಳತೆಗೋಲು ಕೊಟ್ಟ. ಐಸೋ-ಆಕ್ಟೇನ್‌ಗೆ 100, ಬಹಳ ಬೇಗ ಬಡಿಯುವ ಹೆಪ್ಟೇನ್‌ಗೆ 0. ನಿಮ್ಮ ಪೆಟ್ರೋಲು ಇವೆರಡರ ಯಾವ ಮಿಶ್ರಣದ ಹಾಗೆ ವರ್ತಿಸುತ್ತೋ ಅದೇ ಅದರ ನಂಬರು.

ಸೀಸದ ಕಥೆ

1920ರ ಹೊತ್ತಿಗೆ ಅಮೆರಿಕದ ಕಾರು ಕಂಪನಿಗಳಿಗೆ ಈ ಬಡಿತ ದೊಡ್ಡ ತಲೆನೋವಾಗಿತ್ತು. ಜನರಲ್ ಮೋಟಾರ್ಸ್‌ನ ಥಾಮಸ್ ಮಿಜ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಪೆಟ್ರೋಲಿಗೆ ಬೆರೆಸಿ ನೋಡುತ್ತಾ ಹೋದ. 1921ರ ಡಿಸೆಂಬರ್ 9ರಂದು ಟೆಟ್ರಾಈಥೈಲ್ ಲೆಡ್ ಅನ್ನೋ ಸೀಸದ ಸಂಯುಕ್ತ ಹಾಕಿದಾಗ ಬಡಿತ ನಿಂತೇಹೋಯ್ತು. ಆಲ್ಕೋಹಾಲ್ ಬೆರೆಸಿದರೂ ಬಡಿತ ನಿಲ್ಲುತ್ತೆ ಅಂತ ಅವನಿಗೆ ಮೊದಲೇ ಗೊತ್ತಿತ್ತು. ಆದರೆ ಆಲ್ಕೋಹಾಲ್ ಯಾರು ಬೇಕಾದರೂ ಕಾಯಿಸಬಹುದು, ಅದರ ಮೇಲೆ ಪೇಟೆಂಟ್ ಹಿಡಿದು ಕೂರೋಕಾಗಲ್ಲ. ಸೀಸದ್ದು ಚಿಟಿಕೆಯಷ್ಟು ಸಾಕು, ಪೇಟೆಂಟೂ ಸಿಗುತ್ತೆ. 1923ರ ಫೆಬ್ರುವರಿಯಲ್ಲಿ ಓಹಾಯೋದ ಡೇಟನ್ ಊರಿನ ಬಂಕ್‌ನಲ್ಲಿ ಮಾರಾಟ ಶುರುವಾಯ್ತು. ಇಟ್ಟ ಹೆಸರು 'ಎಥಿಲ್'. ಸೀಸ ಅನ್ನೋ ಪದವೇ ಹೆಸರಿನಲ್ಲಿ ಇರಲಿಲ್ಲ. ಇಂದಿನ ಬಾಟಲಿಗಳ ಲೇಬಲ್ ನೋಡಿದಾಗಲೆಲ್ಲ ನನಗೆ ನೆನಪಾಗೋದು ಇದೇ.

1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ರಿಫೈನರಿಯಲ್ಲಿ ಇದನ್ನು ತಯಾರಿಸುತ್ತಿದ್ದ ಕಾರ್ಮಿಕರಲ್ಲಿ ಐವರು ಬುದ್ಧಿಭ್ರಮಣೆಯಾಗಿ ಸತ್ತರು, ಹಲವರು ಆಸ್ಪತ್ರೆ ಸೇರಿದರು. ಕೆಲಸದವರು ಅದಕ್ಕೆ ಇಟ್ಟಿದ್ದ ಹೆಸರೇ 'ಹುಚ್ಚು ಗ್ಯಾಸ್'. ಮಿಜ್ಲಿ ಪತ್ರಕರ್ತರನ್ನು ಕರೆದು, ಅವರ ಮುಂದೆಯೇ ಆ ದ್ರವದಲ್ಲಿ ಕೈ ತೊಳೆದು, ಒಂದು ನಿಮಿಷ ಮೂಸಿ ತೋರಿಸಿದ. ಅದರ ಹಿಂದಿನ ವರ್ಷವಷ್ಟೇ ಅವನು ಸೀಸದ ವಿಷದಿಂದ ಹಾಸಿಗೆ ಹಿಡಿದು ರಜೆ ಹಾಕಿದ್ದ. ಅಲಿಸ್ ಹ್ಯಾಮಿಲ್ಟನ್, ಯಾಂಡೆಲ್ ಹೆಂಡರ್ಸನ್ ಅವರಂಥ ತಜ್ಞರು 1925ರಲ್ಲೇ ಎಚ್ಚರಿಸಿದ್ದರು. ಸ್ವಲ್ಪ ದಿನ ಮಾರಾಟ ನಿಂತು, 1926ರಲ್ಲಿ ಮತ್ತೆ ಶುರುವಾಯ್ತು. ಆಮೇಲಿನ ದಶಕಗಳಲ್ಲಿ ಕಂಪನಿಯ ವಾದ ಒಂದೇ ಆಗಿತ್ತು: ಅಪಾಯ ಇದೆ ಅಂತ ನೀವು ಸಾಬೀತು ಮಾಡಿ, ಅಲ್ಲಿವರೆಗೆ ನಾವು ಮಾರ್ತೀವಿ.

ಇಲ್ಲೇ ನಮ್ಮ ಪ್ರಶ್ನೆಗೆ ಬೇಕಾದ ಒಂದು ಸೂಕ್ಷ್ಮ ಇದೆ. ಪೆಟ್ರೋಲಿನಲ್ಲಿರೋದು ಇಂಗಾಲ ಮತ್ತು ಜಲಜನಕ. ಉರಿದರೆ ಅನಿಲ, ಆವಿಯಾಗಿ ಸೈಲೆನ್ಸರ್ ದಾಟಿ ಹೋಗುತ್ತೆ. ಲೋಹ ಹಾಗಲ್ಲ. ಉರಿದರೂ ಅದು ಎಲ್ಲೋ ಒಂದು ಕಡೆ ಬೂದಿಯಾಗಿ ಇದ್ದೇ ಇರುತ್ತೆ. ಸೀಸ ಮೊದಮೊದಲು ಪ್ಲಗ್ಗು, ವಾಲ್ವುಗಳ ಮೇಲೆ ಕೂತು ಇಂಜಿನ್ ಹಾಳು ಮಾಡ್ತಿತ್ತು. ಆಗ ಎಂಜಿನಿಯರುಗಳು ಎಥಿಲೀನ್ ಡೈಬ್ರೋಮೈಡ್ ಅನ್ನೋದನ್ನು ಜೊತೆಗೆ ಬೆರೆಸಿ, ಸೀಸ ಸಲೀಸಾಗಿ ಹೊಗೆಯ ಜೊತೆ ಆಚೆ ಹೋಗೋ ಹಾಗೆ ಮಾಡಿದರು. ಇಂಜಿನ್ ಸೇಫ್ ಆಯ್ತು. ಸೀಸ ರಸ್ತೆ ಪಕ್ಕದ ಗಾಳಿಗೆ, ಮಣ್ಣಿಗೆ, ಮಕ್ಕಳ ರಕ್ತಕ್ಕೆ ಹೋಯ್ತು.

ನಮ್ಮ ದೇಶದಲ್ಲಿ ಇದು ಬಹಳ ಹಳೇ ಕಥೆಯಲ್ಲ. 1995ರ ಏಪ್ರಿಲ್ 1ರಿಂದ ದೆಹಲಿ, ಮುಂಬಯಿ, ಕೋಲ್ಕತ್ತಾ, ಚೆನ್ನೈಗಳಲ್ಲಿ ಸೀಸವಿಲ್ಲದ ಪೆಟ್ರೋಲು ಬಂತು. ಇಡೀ ದೇಶಕ್ಕೆ ಬಂದದ್ದು 2000ದ ಫೆಬ್ರುವರಿ 1ರಿಂದ. ಈ ಪುಸ್ತಕ ಓದುತ್ತಿರುವ ಮೂವತ್ತರ ಆಸುಪಾಸಿನವರೆಲ್ಲ ಸೀಸದ ಹೊಗೆ ಕುಡಿದೇ ಬೆಳೆದವರು. ಬೆಂಗಳೂರಿನ ಜಾರ್ಜ್ ಫೌಂಡೇಶನ್ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆಂಗಳೂರೂ ಸೇರಿದಂತೆ ಹಲವು ನಗರಗಳಲ್ಲಿ ಪರೀಕ್ಷೆ ಮಾಡಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರ ರಕ್ತದಲ್ಲಿ ಸೀಸ ಆಗಿನ ಎಚ್ಚರಿಕೆಯ ಮಟ್ಟವಾದ 10 ಮೈಕ್ರೋಗ್ರಾಂ ದಾಟಿತ್ತು. ಬ್ಯಾಟರಿ, ಪೇಂಟಿನಿಂದಲೂ ಸೀಸ ಬರುತ್ತೆ ನಿಜ, ಆದರೆ ಪೆಟ್ರೋಲಿನ ಪಾಲು ದೊಡ್ಡದು. ಜಗತ್ತಿನ ಕೊನೆಯ ಸೀಸದ ಪೆಟ್ರೋಲು ಕಾರುಗಳಿಗೆ ಮಾರಾಟವಾದದ್ದು ಅಲ್ಜೀರಿಯಾದಲ್ಲಿ, 2021ರಲ್ಲಿ. ಒಂದು ಆಕ್ಟೇನ್ ಬೂಸ್ಟರ್ ತೆಗೆದುಹಾಕೋಕೆ ನೂರಕ್ಕೆ ಎರಡು ವರ್ಷ ಕಮ್ಮಿ ಹಿಡಿಯಿತು.

ಸಂಡೂರಿನ ಎರಡು ಲೋಹ

ಸೀಸ ಹೋದ ಮೇಲೆ ಅದರ ಜಾಗಕ್ಕೆ ಬಂದವರಲ್ಲಿ ಒಬ್ಬ ಮ್ಯಾಂಗನೀಸ್. ಹೆಸರು ಎಂ.ಎಂ.ಟಿ. ತಯಾರಿಸಿದ್ದೂ ಸೀಸ ಮಾರಿದ ಅದೇ ಎಥಿಲ್ ಕಂಪನಿ, 1950ರ ದಶಕದಲ್ಲಿ. ಅದರ ತೂಕದಲ್ಲಿ ಕಾಲು ಭಾಗ ಮ್ಯಾಂಗನೀಸ್. ಇಂದು ಅಂಗಡಿಯಲ್ಲಿ ಸಿಗುವ ಎಷ್ಟೋ ಬಾಟಲಿಗಳಲ್ಲಿ ಕೆಲಸ ಮಾಡುವ ಪದಾರ್ಥ ಇದೇ.

ಮ್ಯಾಂಗನೀಸ್ ನಮಗೆ ಹೊಸದಲ್ಲ. ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದ ಕೊನೆಗೆ ಬಳ್ಳಾರಿ-ಸಂಡೂರು ಗುಡ್ಡಗಳನ್ನು ಅಲೆದು ವರದಿ ಬರೆದ. 20ನೇ ಶತಮಾನದ ಆರಂಭದಲ್ಲಿ, ಘೋರ್ಪಡೆ ಅರಸರ ಪುಟ್ಟ ಸಂಸ್ಥಾನವಾಗಿದ್ದ ಸಂಡೂರಿನಲ್ಲಿ ಜನರಲ್ ಸಂಡೂರ್ ಮೈನಿಂಗ್ ಕಂಪನಿ ಅದಿರು ತೆಗೆಯತೊಡಗಿತು. ಹೊಸಪೇಟೆಯಿಂದ ರೈಲು ಹತ್ತಿ ಮರ್ಮಗೋವಾ ಬಂದರಿನ ಮೂಲಕ ಅದಿರು ಹೊರದೇಶಕ್ಕೆ ಹೋಗುತ್ತಿತ್ತು. 1949ರಲ್ಲಿ ಸಂಸ್ಥಾನ ಭಾರತದೊಳಗೆ ಸೇರಿತು, 1954ರಲ್ಲಿ ಸಂಡೂರ್ ಮ್ಯಾಂಗನೀಸ್ ಅಂಡ್ ಐರನ್ ಓರ್ಸ್ ಕಂಪನಿ ಹುಟ್ಟಿತು. ಇಷ್ಟೆಲ್ಲ ಅದಿರು ಹೋದದ್ದು ಉಕ್ಕಿನ ಕುಲುಮೆಗೆ. ಉಕ್ಕಿನಲ್ಲಿ ಉಳಿದುಕೊಂಡ ಗಂಧಕ, ಆಮ್ಲಜನಕವನ್ನು ಕಟ್ಟಿಹಾಕೋಕೆ ಮ್ಯಾಂಗನೀಸ್ ಬೇಕೇ ಬೇಕು. ಅದು ಅಲ್ಲಿ ಒಳ್ಳೇ ಕೆಲಸಗಾರ. ಸಿಲಿಂಡರ್ ಒಳಗೆ ಹೇಗೆ ಅನ್ನೋದು ಬೇರೆ ವಿಚಾರ.

ಲೆಕ್ಕ ಹಾಕೋಣ. ಕೆನಡಾದಲ್ಲಿ ದಶಕಗಳ ಕಾಲ ಅನುಮತಿ ಇದ್ದ ಗರಿಷ್ಠ ಪ್ರಮಾಣ ಲೀಟರಿಗೆ 18 ಮಿಲಿಗ್ರಾಂ ಮ್ಯಾಂಗನೀಸ್. ನಿಮ್ಮ ಕಾರು ಲೀಟರಿಗೆ 15 ಕಿ.ಮೀ. ಕೊಡುತ್ತೆ, ವರ್ಷಕ್ಕೆ 10,000 ಕಿ.ಮೀ. ಓಡುತ್ತೆ ಅಂದ್ಕೊಳ್ಳಿ. ಸುಮಾರು 670 ಲೀಟರ್ ಪೆಟ್ರೋಲು, 12 ಗ್ರಾಂ ಮ್ಯಾಂಗನೀಸ್. ನೋಡೋಕೆ ಎರಡು ಚಿಟಿಕೆ. ಆದರೆ ಅದರಲ್ಲಿ ಸ್ವಲ್ಪ ಮಾತ್ರ ಹೊಗೆಯ ಜೊತೆ ಹೊರಗೆ ಹೋಗುತ್ತೆ, ಹೆಚ್ಚಿನ ಪಾಲು ಪ್ಲಗ್ಗು, ಆಕ್ಸಿಜನ್ ಸೆನ್ಸರ್, ಕ್ಯಾಟಲಿಟಿಕ್ ಕನ್ವರ್ಟರ್ ಮೇಲೆ ಆಕ್ಸೈಡ್ ಆಗಿ ಕೂರುತ್ತೆ. ಪ್ಲಗ್ ಬಿಚ್ಚಿದರೆ ಇಟ್ಟಿಗೆ ಬಣ್ಣದ ಪುಡಿ. ಲಾರಿ ಓಡಾಡೋ ದಿನಗಳಲ್ಲಿ ಸಂಡೂರು ರಸ್ತೆ ಬದಿಯ ಎಲೆಗಳ ಮೇಲೆ ಕೂರುವ ಕೆಂಧೂಳು ನೋಡಿದವರಿಗೆ ಆ ಬಣ್ಣ ಗುರುತು ಹತ್ತುತ್ತೆ. ಕನ್ವರ್ಟರಿನ ಒಳಗಿರೋದು ಜೇನುಗೂಡಿನಂಥ ಸಣ್ಣ ಸಣ್ಣ ತೂತುಗಳು. ಅವು ಮುಚ್ಚಿಕೊಂಡರೆ ಹೊಸದು ಹಾಕಿಸಬೇಕು, ಬಿಲ್ಲು ಸಾವಿರಗಳಲ್ಲಿ ಅಲ್ಲ, ಹತ್ತಾರು ಸಾವಿರಗಳಲ್ಲಿ ಬರುತ್ತೆ.

ದೇಹದ ವಿಷಯಕ್ಕೆ ಬಂದರೆ, ಊಟದಲ್ಲಿ ಸೂಕ್ಷ್ಮ ಪ್ರಮಾಣದ ಮ್ಯಾಂಗನೀಸ್ ಬೇಕು. ಉಸಿರಲ್ಲಿ ಬೇಡ. 1837ರಲ್ಲೇ ಸ್ಕಾಟ್ಲೆಂಡಿನ ವೈದ್ಯ ಕೂಪರ್, ಮ್ಯಾಂಗನೀಸ್ ಅದಿರು ಪುಡಿ ಮಾಡುತ್ತಿದ್ದ ಕಾರ್ಮಿಕರ ಕಾಲು ಸೋತು, ನಡಿಗೆ ತಪ್ಪುತ್ತಿದ್ದುದನ್ನು ದಾಖಲಿಸಿದ್ದ. ಪಾರ್ಕಿನ್ಸನ್ ಥರದ ಲಕ್ಷಣ. ಪೆಟ್ರೋಲಿನಿಂದ ಬರುವ ಪ್ರಮಾಣ ಅದಕ್ಕಿಂತ ಎಷ್ಟೋ ಕಮ್ಮಿ. ಆದರೆ ಎಷ್ಟು ಕಮ್ಮಿ ಇದ್ದರೆ ಸಾಕು ಅನ್ನೋ ಜಗಳ ಇನ್ನೂ ಮುಗಿದಿಲ್ಲ. 1997ರಲ್ಲಿ ಕೆನಡಾ ಇದರ ಆಮದನ್ನು ನಿಲ್ಲಿಸಲು ಹೊರಟಾಗ ಎಥಿಲ್ ಕಂಪನಿ ವ್ಯಾಪಾರ ಒಪ್ಪಂದದ ಹೆಸರಲ್ಲಿ ದಾವೆ ಹೂಡಿತು. 1998ರಲ್ಲಿ ಕೆನಡಾ ಸರ್ಕಾರವೇ ನಿರ್ಬಂಧ ಹಿಂದಕ್ಕೆ ತಗೊಂಡು ಸುಮಾರು 1.3 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಯುರೋಪಿಯನ್ ಯೂನಿಯನ್ ಬೇರೆ ದಾರಿ ಹಿಡಿಯಿತು: 2011ರಿಂದ ಲೀಟರಿಗೆ 6 ಮಿಲಿಗ್ರಾಂ, 2014ರಿಂದ 2 ಮಿಲಿಗ್ರಾಂ ಮಿತಿ.

ಇನ್ನು ಕಬ್ಬಿಣ. ಸಂಡೂರು ಅಂದ್ರೆ ಜಗತ್ತಿಗೆ ಗೊತ್ತಿರೋದೇ ಇದರಿಂದ. ಹಂಪಿ ಪಕ್ಕದ ಕಮಲಾಪುರದಲ್ಲಿ ಹಿಂದೆ ಕಬ್ಬಿಣ ಕರಗಿಸುತ್ತಿದ್ದರು, ಕಬ್ಬಿನ ಹಾಲು ಕಾಯಿಸುವ ಅಗಲ ಕೊಪ್ಪರಿಗೆಗಳನ್ನು ಮಾಡುತ್ತಿದ್ದರು ಅಂತ ಬ್ರಿಟಿಷರ ಕಾಲದ ಬಳ್ಳಾರಿ ಗೆಜೆಟಿಯರ್ ಹೇಳುತ್ತೆ. ಕಬ್ಬಿಣವೂ ಆಕ್ಟೇನ್ ಏರಿಸುತ್ತೆ. 1951ರಲ್ಲಿ ಬೆಳಕಿಗೆ ಬಂದ ಫೆರೋಸೀನ್ ಅನ್ನೋ ಕಬ್ಬಿಣದ ಸಂಯುಕ್ತ ಕೆಲವು ಬಾಟಲಿ, ಮಾತ್ರೆಗಳಲ್ಲಿ ಇರುತ್ತೆ. ಉರಿದ ಮೇಲೆ ಉಳಿಯೋದು ಐರನ್ ಆಕ್ಸೈಡ್, ನಮ್ಮ ಭಾಷೆಯಲ್ಲಿ ತುಕ್ಕು. ಅದು ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ತೆಳುವಾಗಿ ಹರಡಿಕೊಂಡರೆ, ಬಿಸಿಯಾದಾಗ ಕರೆಂಟು ಕಿಡಿ ಹಾರಿಸೋ ಬದಲು ಆ ತುಕ್ಕಿನ ಮೇಲೇ ಹರಿದುಹೋಗುತ್ತೆ. ಇಂಜಿನ್ ಮಿಸ್ ಹೊಡೆಯುತ್ತೆ. ಆರೋಗ್ಯದ ದೃಷ್ಟಿಯಿಂದ ಸೀಸಕ್ಕಿಂತ ಎಷ್ಟೋ ವಾಸಿ, ಇಂಜಿನ್ ದೃಷ್ಟಿಯಿಂದ ಅದೇ ಹಾಡು. ಕಾರು ಕಂಪನಿಗಳ ಎಷ್ಟೋ ಮ್ಯಾನುಯಲ್‌ಗಳಲ್ಲಿ ಲೋಹವಿರುವ ಅಡಿಟಿವ್ ಹಾಕಬೇಡಿ ಅಂತ ಬರೆದಿರೋದು ಇದಕ್ಕೇ.

ಕಬ್ಬಿನ ಸರದಿ

ಮಿಜ್ಲಿ ಪಕ್ಕಕ್ಕಿಟ್ಟ ಆಲ್ಕೋಹಾಲ್ ನೂರು ವರ್ಷದ ನಂತರ ನಮ್ಮ ಬಂಕಿಗೆ ವಾಪಸ್ ಬಂದಿದೆ. ವಿಜಯನಗರ ಕಾಲದ ರಾಯ, ಬಸವಣ್ಣ, ತುರ್ತಾ ಕಾಲುವೆಗಳ ಕೆಳಗೆ, ಆಮೇಲೆ 1953ರಲ್ಲಿ ನೀರು ಬಿಟ್ಟ ತುಂಗಭದ್ರಾ ಅಣೆಕಟ್ಟಿನ ಕೆಳಗೆ, ಹೊಸಪೇಟೆ-ಕಂಪ್ಲಿಯಲ್ಲಿ ಭತ್ತ, ಬಾಳೆ ಜೊತೆ ಕಬ್ಬು ಬೆಳೆದೇ ಬಂದಿದೆ. ಸ್ವಲ್ಪ ಗಾಣಕ್ಕೆ ಹೋಗಿ ಬೆಲ್ಲವಾಗುತ್ತೆ, ಉಳಿದದ್ದು ಕಾರ್ಖಾನೆಗೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿ ಹುದುಗಿಸಿ ಬಟ್ಟಿ ಇಳಿಸಿದರೆ ಎಥನಾಲ್.

ಪೆಟ್ರೋಲಿಗೆ ಇದನ್ನು ಬೆರೆಸುವ ಯೋಚನೆ ಸ್ವತಂತ್ರ ಭಾರತದಷ್ಟೇ ಹಳೆಯದು. 1948ರಲ್ಲೇ ಇಂಡಿಯನ್ ಪವರ್ ಆಲ್ಕೋಹಾಲ್ ಆಕ್ಟ್ ಅಂತ ಕಾಯ್ದೆ ಬಂದಿತ್ತು. 2000ದಲ್ಲಿ, ಅಂದರೆ ಸೀಸ ಹೋದ ಅದೇ ವರ್ಷ, ಆ ಕಾಯ್ದೆಯನ್ನು ರದ್ದು ಮಾಡಿದರು. ಮೂರೇ ವರ್ಷಕ್ಕೆ, 2003ರಲ್ಲಿ, ಕರ್ನಾಟಕವೂ ಸೇರಿ ಕೆಲವು ರಾಜ್ಯಗಳಲ್ಲಿ 5% ಎಥನಾಲ್ ಶುರುವಾಯ್ತು. 2022ರ ಜೂನ್ ಹೊತ್ತಿಗೆ ದೇಶ 10% ಮುಟ್ಟಿತು. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲೇ 20% ಮಿಶ್ರಣದ ಇ-20 ಪೆಟ್ರೋಲಿಗೆ ಚಾಲನೆ ಸಿಕ್ಕಿತು. 2025ಕ್ಕೆ ಅದೇ ಮಾಮೂಲಿ ಪೆಟ್ರೋಲು ಆಯ್ತು.

ಎಥನಾಲ್‌ನ ಆಕ್ಟೇನ್ ಸುಮಾರು 108. ಒಳಗೆ ಲೋಹ ಇಲ್ಲ, ಬೂದಿ ಇಲ್ಲ. ಹಾಗಂತ ತಕರಾರೇ ಇಲ್ಲ ಅನ್ನೋಕಾಗಲ್ಲ. ಲೀಟರಿಗೆ ಲೀಟರ್ ಹೋಲಿಸಿದರೆ ಇದರಲ್ಲಿ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಮ್ಮಿ. ಐದರಲ್ಲಿ ಒಂದು ಪಾಲು ಇದೇ ಆದ ಮೇಲೆ ಮೈಲೇಜ್ ಇಳಿಯಲೇಬೇಕು. ನೀತಿ ಆಯೋಗದ 2021ರ ವರದಿಯೇ ಹಳೇ ವಿನ್ಯಾಸದ ಕಾರುಗಳಲ್ಲಿ 6-7%, ಬೈಕುಗಳಲ್ಲಿ 3-4% ಇಳಿಯಬಹುದು ಅಂದಿತ್ತು. ಎಥನಾಲ್ ನೀರು ಹೀರುತ್ತೆ. ವಾರಗಟ್ಟಲೆ ನಿಂತ ಗಾಡಿಯ ಟ್ಯಾಂಕಿನಲ್ಲಿ ಆ ನೀರು ಕೆಳಗೆ ಕೂರಬಹುದು. ಹಳೇ ರಬ್ಬರ್ ಪೈಪು, ವಾಷರ್‌ಗಳು ಉಬ್ಬಬಹುದು, ಬಿರುಕು ಬಿಡಬಹುದು. 2023ರ ಏಪ್ರಿಲ್ ನಂತರದ ಗಾಡಿಗಳ ಬಿಡಿಭಾಗಗಳು ಇ-20ಗೆ ಹೊಂದುವಂಥವು. ಅದಕ್ಕೂ ಹಿಂದಿನ ಗಾಡಿ ಇಟ್ಟುಕೊಂಡವರಿಗೆ ಮಾಮೂಲಿ ದರದಲ್ಲಿ ಬೇರೆ ಆಯ್ಕೆ ಇಲ್ಲ. ಆಯ್ಕೆ ಕೊಡಿ ಅಂತ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿ 2025ರ ಸೆಪ್ಟೆಂಬರ್ 1ರಂದು ವಜಾ ಆಯ್ತು.

ನಗರದಲ್ಲಿ ಈ ತಕರಾರು ಎತ್ತುವವರಿಗೆ ಸಿಗೋ ಉತ್ತರ "ರೈತರಿಗೆ ಒಳ್ಳೇದಾಗುತ್ತಲ್ಲ" ಅನ್ನೋದು. ನಮ್ಮೂರ ಕಡೆಯಿಂದ ನೋಡಿದರೆ ಅದೂ ಅಷ್ಟು ಸರಳ ಇಲ್ಲ. ಹೊಸಪೇಟೆಯ ಹಳೇ ಸಕ್ಕರೆ ಕಾರ್ಖಾನೆ ಮುಚ್ಚಿ ವರ್ಷಗಳಾದವು. ದೇಶ ಎಥನಾಲ್ ಎಥನಾಲ್ ಅನ್ನುವ ಕಾಲದಲ್ಲೇ ಇಲ್ಲಿನ ಕಬ್ಬು ದೂರದ ಕಾರ್ಖಾನೆ ಹುಡುಕಿಕೊಂಡು ಟ್ರ್ಯಾಕ್ಟರ್ ಹತ್ತುತ್ತೆ. ಕೊಯ್ದ ಕಬ್ಬು ದಾರಿಯಲ್ಲಿ ಒಣಗಿದಷ್ಟೂ ತೂಕ ಇಳಿಯುತ್ತೆ, ತೂಕ ಇಳಿದಷ್ಟೂ ದುಡ್ಡು ಇಳಿಯುತ್ತೆ. ಜೊತೆಗೆ ಈಗ ದೇಶದ ಎಥನಾಲ್‌ನಲ್ಲಿ ದೊಡ್ಡ ಪಾಲು ಬರ್ತಿರೋದು ಮೆಕ್ಕೆಜೋಳದಿಂದ.

ಹಾಗಾದರೆ ಬಾಟಲಿ?

ಮಾಮೂಲಿ ಪೆಟ್ರೋಲಿನ ಆಕ್ಟೇನ್ ಇತ್ತೀಚಿನವರೆಗೂ 91 ಇತ್ತು. ಇ-20ಯ ಭಾರತೀಯ ಮಾನದಂಡ ಕೇಳೋದು ಕನಿಷ್ಠ 95. ಅಂದರೆ ಬಂಕ್ ಹುಡುಗ ನಳಿಕೆ ಇಟ್ಟಾಗಲೇ ನಿಮ್ಮ ಟ್ಯಾಂಕಿಗೆ ಆಕ್ಟೇನ್ ಬೂಸ್ಟರ್ ಬಿದ್ದಾಯ್ತು. ಅದರ ಮೇಲೆ ಇನ್ನೊಂದು ಬಾಟಲಿ ಸುರಿದರೆ ಸಾಮಾನ್ಯ ಕಾರಿನ ಇಂಜಿನ್‌ಗೆ ಅದರಿಂದ ಪ್ರಯೋಜನ ಇಲ್ಲ. ಅದು ಕೇಳಿದ ತಾಳ್ಮೆ ಸಿಕ್ಕಿಬಿಟ್ಟಿದೆ, ಹೆಚ್ಚಿನ ತಾಳ್ಮೆಯಿಂದ ಪಿಕಪ್ ಬರಲ್ಲ. ಹೆಚ್ಚು ಆಕ್ಟೇನ್ ಬೇಡುವ ಟರ್ಬೋ ಇಂಜಿನ್ ನಿಮ್ಮದಾಗಿದ್ದರೆ ಮ್ಯಾನುಯಲ್ಲಿನಲ್ಲೇ ಬರೆದಿರುತ್ತೆ. ಅಂಥವರು ಬಾಟಲಿಗೆ ಕೊಡೋ ದುಡ್ಡಲ್ಲಿ ಬಂಕ್‌ನಲ್ಲೇ ಸಿಗುವ ಪ್ರೀಮಿಯಂ ಪೆಟ್ರೋಲು ಹಾಕಿಸಲಿ.

ಲೇಬಲ್ಲಿನ ಒಂದು ಕೈಚಳಕವೂ ಗೊತ್ತಿರಲಿ. "30 ಪಾಯಿಂಟ್ ಏರುತ್ತೆ" ಅಂತ ಬರೆದಿದ್ದರೆ 91 ಹೋಗಿ 121 ಆಗುತ್ತೆ ಅಂತಲ್ಲ. ಆ ವ್ಯಾಪಾರದಲ್ಲಿ ಹತ್ತು ಪಾಯಿಂಟ್ ಅಂದ್ರೆ ಒಂದು ಆಕ್ಟೇನ್. 91 ಹೋಗಿ 94.

ಎಲ್ಲ ಅಡಿಟಿವ್‌ಗಳೂ ಒಂದೇ ಅಲ್ಲ ಅನ್ನೋದನ್ನೂ ಹೇಳಬೇಕು. ಪಾಲಿಈಥರ್ ಅಮೀನ್ ಥರದ ಕ್ಲೀನರ್‌ಗಳು ಸಾಬೂನಿನ ಹಾಗೆ ಇಂಜೆಕ್ಟರಿನ ಕಿಟ್ಟ ಬಿಡಿಸಿ ತಾವೂ ಉರಿದುಹೋಗುತ್ತವೆ, ಲೋಹ ಇಲ್ಲ. ಮ್ಯಾನುಯಲ್ ಒಪ್ಪಿದರೆ ಹೇಳಿದ ಅಳತೆಯಲ್ಲಿ ಯಾವಾಗಲಾದರೊಮ್ಮೆ ಹಾಕೋದರಿಂದ ತೊಂದರೆ ಇಲ್ಲ. ನಮ್ಮೂರಲ್ಲಿ ಟಿವಿಎಸ್ ಮೊಪೆಡ್ಡಿಗೆ ಪೆಟ್ರೋಲಿನ ಜೊತೆ ಟೂ-ಟಿ ಆಯಿಲ್ ಹಾಕಿಸ್ತಿದ್ದೆವು. ಅದೂ ಬೆರಕೆಯೇ, ಆದರೆ ಆ ಇಂಜಿನ್ ಹುಟ್ಟಿದ್ದೇ ಆ ಬೆರಕೆ ಕೇಳಿಕೊಂಡು. ಇಂಜಿನ್ ಮಾಡಿದವನು ಕೇಳಿದ್ದಕ್ಕೂ ಬಾಟಲಿ ಮಾರುವವನು ಹೇಳಿದ್ದಕ್ಕೂ ಇರುವ ವ್ಯತ್ಯಾಸ ಇದು.

ಗಾಡಿ ನಿಜವಾಗಿಯೂ ಬಡಿಯುತ್ತಿದ್ದರೆ ಅದು ಕಾಯಿಲೆಯಲ್ಲ, ಲಕ್ಷಣ. ಸಿಲಿಂಡರಿನಲ್ಲಿ ಕಾರ್ಬನ್ ಕಟ್ಟಿರಬಹುದು, ತಪ್ಪು ಪ್ಲಗ್ ಕೂತಿರಬಹುದು, ನಾಕ್ ಸೆನ್ಸರ್ ಕೆಟ್ಟಿರಬಹುದು, ಎಲ್ಲೋ ಸೀಮೆಎಣ್ಣೆ ಬೆರೆತ ಪೆಟ್ರೋಲು ಬಿದ್ದಿರಬಹುದು. ಬಂಕ್‌ನಲ್ಲಿ ಫಿಲ್ಟರ್ ಪೇಪರ್ ಕೇಳಿ, ಕೊಡಲೇಬೇಕು. ಒಂದು ಹನಿ ಬಿಟ್ಟು ಆರಲು ಬಿಡಿ. ಒಳ್ಳೇ ಪೆಟ್ರೋಲು ಕಲೆ ಉಳಿಸದೆ ಆರುತ್ತೆ. ಆಮೇಲೆ ಮೆಕ್ಯಾನಿಕ್ ಹತ್ತಿರ ಪ್ಲಗ್ ಬಿಚ್ಚಿಸಿ ಅದರ ಬಣ್ಣ ನೋಡಿ. ತಿಳಿ ಕಂದು ಇದ್ದರೆ ಸರಿ. ಇಟ್ಟಿಗೆ ಕೆಂಪು ಇದ್ದರೆ, ಯಾರೋ ಟ್ಯಾಂಕಿಗೆ ಲೋಹ ಸುರಿದಿದ್ದಾರೆ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಇದೊಂದನ್ನು ಮರೆಯದೆ ನೋಡಿ.